ಪಾಚಿಗೆ ಬಲ್ಬು ಹುಡುಕಿದ ನಮ್ಮ ಮಾಮಾ

ನಮ್ಮ ಮಾಮಾನಿಗೆ ಹುಚ್ಚು ಎಂದು ಯಾರಾದರೂ ಅಂದರೆ ನಾನು ಸೆರಗು ಸಿಕ್ಕಿಸಿ ಜಗಳಕ್ಕೆ ನಿಲ್ಲುತ್ತೇನೆ. ಹುಚ್ಚಿಗೆ ಔಷಧ ಇದೆ, ಆಸ್ಪತ್ರೆ ಇದೆ, ಏನೂ ಇಲ್ಲವೆಂದರೆ ತಾಯಿತವಾದರೂ ಇದೆ. ನಮ್ಮ ಮಾಮಾನಿಗೆ ಇರುವುದಕ್ಕೆ ಇವು ಯಾವುವೂ ಇಲ್ಲ!

ಮಾಮಾ ಎಂದರೆ ನನ್ನ ಅವ್ವನ ಕಡೇ ತಮ್ಮ. ಬಸವನ ಬಾಗೇವಾಡಿಯ ಕರೆಂಟ್ ಆಫೀಸಿನಲ್ಲಿ ನೌಕರಿ. ನಾನು ಸಿಂದಗಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಎರಡಕ್ಕೆ ಎರಡು ಕೂಡಿಸಿದರೆ ನಾಲ್ಕೇ ಆಗಬೇಕು, ಆಗದಿದ್ದರೆ ನನಗೆ ಸಿಟ್ಟು ಬರುತ್ತದೆ. ಮಾಮಾನ ಮನೆಯಲ್ಲಿ ಅದು ಒಂದು ದಿನವೂ ನಾಲ್ಕಾದದ್ದನ್ನು ನಾನು ಕಂಡಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ, ಕೇಳಿ. ನನ್ನ ಮದುವೆಯ ಮಾತುಕತೆಗೆಂದು ನಮ್ಮ ಹಿರಿಯರೆಲ್ಲ ಇಂಡಿಗೆ ಹುಡುಗನ ಮನೆ ನೋಡಲು ಹೋಗಿದ್ದರು. ಎಲ್ಲರೂ ಹುಡುಗನನ್ನು ನೋಡಿದರು, ಹೊಲ ಕೇಳಿದರು, ಮನೆತನ ಕೇಳಿದರು. ಮಾಮಾ ಮಾತ್ರ ಕಿಸೆಯಿಂದ ಟೆಸ್ಟರ್ ತೆಗೆದು ಅವರ ಮನೆಯ ಸ್ವಿಚ್ಚುಗಳಿಗೆಲ್ಲ ಚುಚ್ಚಿ ನೋಡುತ್ತಿದ್ದ! ಚಹಾ ಬಂತು. ಬೀಗರು ನಮ್ರವಾಗಿ, "ನಿಮಗ ಹುಡುಗ ಒಪ್ಪಿಗೆ ಆದ್ನೇನ್ರಿ?" ಎಂದು ಕೇಳಿದರು. ಮಾಮಾ ಬಸಿಯಲ್ಲಿ ಚಹಾ ಸುರಿದುಕೊಂಡು ಹೇಳಿದ: "ಹುಡುಗ ಚಲೋ ಅದಾನ್ರಿ. ಆದರ ಈ ಮನಿಗಿ ಅರ್ಥಿಂಗ್ ಇಲ್ಲ. ಹುಡುಗಿ ಕೊಡೂದು ಬ್ಯಾಡ."

ಅಪ್ಪನಿಗೆ ಚಹಾ ನೆತ್ತಿಗೇರಿತು. ಹೇಗೋ ಸಮಾಧಾನ ಮಾಡಿ ಮದುವೆ ಮುಗಿಸಿದರೆನ್ನಿ. ಆದರೆ ಗಂಡನ ಮನೆಯ ಫ್ರಿಜ್ಜು ಮುಟ್ಟಿದರೆ ಈಗಲೂ ನನಗೆ ಜುಮ್ ಎನ್ನುತ್ತದೆ!

ಇಂಥ ಮನುಷ್ಯ ಒಂದು ದಿನ ಫೋನು ಮಾಡಿ, "ಯವ್ವಾ, ಮನಿಗಿ ಸಮುದ್ರ ತರಾಕತ್ತೇನಿ. ಬಂದು ನೋಡಿ ಹೋಗು" ಎಂದ. ಬಿಸಿಲಿಗೆ ತಲೆ ಕೆಟ್ಟಿದೆ ಎಂದುಕೊಂಡೆ. ಆಮೇಲೆ ತಿಳಿಯಿತು: ಯಾವುದೋ ತರಬೇತಿಗೆಂದು ಪುಣೆಗೆ ಹೋಗಿದ್ದಾಗ ಒಬ್ಬರ ಮನೆಯಲ್ಲಿ ಗಾಜಿನ ಪೆಟ್ಟಿಗೆ ಕಂಡಿದ್ದಾನೆ. ಒಳಗೆ ಉಪ್ಪುನೀರು, ಹವಳ, ಬಣ್ಣಬಣ್ಣದ ಮೀನು. ತರಬೇತಿಯಲ್ಲಿ ಏನು ಕಲಿತನೋ ದೇವರೇ ಬಲ್ಲ, ಬರುವಾಗ ಮಾತ್ರ ಸಮುದ್ರವನ್ನು ತಲೆಯಲ್ಲಿ ತುಂಬಿಕೊಂಡು ಬಂದ. ಬಾಗೇವಾಡಿಯಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ಸಿಗಬೇಕಾದರೆ ಒಂದು ಹಗಲು ಬಸ್ಸಿನಲ್ಲಿ ಕೂಡಬೇಕು. ಅಂಥ ಊರಿಗೆ ಸಮುದ್ರವೆಂದರೇನು?

ನಾನು ಹೋದಾಗ ಮನೆಯ ಮುಂದೆ ಒಂದು ನೀಲಿ ಡ್ರಮ್ಮು. ಮಾಮಾ ತೋಳು ಮಡಚಿ, ಚೀಲದಿಂದ ಉಪ್ಪು ಸುರಿದು, ಉದ್ದನೆಯ ಪೈಪಿನಿಂದ ಕಲಕುತ್ತಿದ್ದ. ಪಕ್ಕದ ಮನೆಯ ಕಾಕು ಒಂದು ಚೀಲ ನಿಂಬೆಹಣ್ಣು ಹಿಡಿದು ಹತ್ತಿರ ನಿಂತಿದ್ದಳು.

"ಇಷ್ಟು ದೊಡ್ಡ ಡ್ರಮ್ಮಿನಾಗ ಉಪ್ಪಿನಕಾಯಿ ಹಾಕಾಕತ್ತೀರಿ. ನಮ್ಮವೂ ಇಷ್ಟು ನಿಂಬಿಹಣ್ಣು ಅದರಾಗ ಹಾಕಿಬಿಡ್ರಿ, ನಿಮಗೇನ ಭಾರ?"

"ಕಾಕು, ಇದು ಉಪ್ಪಿನಕಾಯಿ ಅಲ್ರಿ. ಸಮುದ್ರ."

ಕಾಕು ಚೀಲವನ್ನು ಎದೆಗವಚಿಕೊಂಡು ನನ್ನ ಕಡೆ ನೋಡಿದಳು. ಆ ನೋಟದ ಅರ್ಥ ನನಗೆ ತಿಳಿಯಿತು. ನಾನೂ ಅದನ್ನೇ ಯೋಚಿಸುತ್ತಿದ್ದೆ.

ಇನ್ನು ಮೀನಿನ ವಿಚಾರ. ನಮ್ಮದು ಬಿಸ್ಕೀಟಿನ ಪೊಟ್ಟಣದ ಮೇಲೂ ಹಸಿರು ಚುಕ್ಕೆ ಇದೆಯೋ ಇಲ್ಲವೋ ನೋಡಿ ಒಳಗೆ ಬಿಡುವ ಮನೆತನ. ಮೀನು ಎಂಬ ಶಬ್ದವನ್ನು ನಮ್ಮ ಮನೆಯಲ್ಲಿ ಪಂಚಾಂಗದ ರಾಶಿಗೆ ಬಿಟ್ಟರೆ ಮತ್ತೆಲ್ಲೂ ಬಳಸುವುದಿಲ್ಲ. ಆದರೂ ಅತ್ತೆ, ಎಂದರೆ ಮಾಮಾನ ಹೆಂಡತಿ, ಅಷ್ಟೇನೂ ಗದ್ದಲ ಮಾಡಲಿಲ್ಲ. "ಸಾಕೂದು ಪಾಪ ಅಲ್ಲ, ಇರಲಿ" ಎಂದಳು. ಗದ್ದಲವಾದದ್ದು, ಮೀನಿಗೆಂದು ಪುಣೆಯ ಅಂಗಡಿಯವನು ಕೊಟ್ಟ ಸಿಗಡಿಯ ಪೊಟ್ಟಣ ಅವಳ ಕೈಗೆ ಸಿಕ್ಕಾಗ. ಎಲ್ಲಿ ಸಿಕ್ಕಿತೆನ್ನುತ್ತೀರಿ? ಫ್ರಿಜ್ಜಿನಲ್ಲಿ, ಬೆಣ್ಣೆಯ ಪಕ್ಕ!

ಅತ್ತೆ ಕೂಗಾಡಲಿಲ್ಲ. ಓಣಿಯ ನಾಲ್ಕು ಜನರನ್ನು ಕರೆದು ಫ್ರಿಜ್ಜನ್ನು ಅಂಗಳಕ್ಕೆ ಹೊರಿಸಿದಳು. ಪೈಪು ಹಿಡಿದು, ಎಮ್ಮೆಗೆ ಮೈ ತೊಳೆಯುವಂತೆ, ಒಳಗೂ ಹೊರಗೂ ನೀರು ಹೊಡೆದಳು. ಮಾಮಾ ಆಫೀಸಿನಿಂದ ಬಂದವನು ಗೇಟಿನಲ್ಲೇ ಹೌಹಾರಿದ. "ಲೇ, ಅದರ ಹಿಂದ ಮೋಟಾರ್ ಐತಲೇ!"

"ಮೋಟಾರಿಗೂ ಜಳಕ ಬೇಕಾಗಿತ್ರಿ" ಎಂದಳು ಅತ್ತೆ. "ಇನ್ನ ಮ್ಯಾಲ ಸತ್ತದ್ದೇನೂ ನನ್ನ ಅಡಗಿಮನಿಗಿ ಬರಬಾರದು. ಹೇಳೇನಿ."

ಫ್ರಿಜ್ಜು ಆಮೇಲೆ ಒಣಗಿತು, ಆದರೆ ತಣ್ಣಗಾಗಲಿಲ್ಲ. ಪೆಟ್ಟಿಗೆಯಲ್ಲಿದ್ದ ಮೀನುಗಳು ಹೇಗೋ ಅಂಗಡಿಯ ಒಣ ಕಾಳಿಗೆ ಒಗ್ಗಿಕೊಂಡವು. ಎಲ್ಲವೂ ಸುಗಮವಾಯಿತು ಎನ್ನುವಷ್ಟರಲ್ಲಿ ಮಾಮಾ ಆ ಮೀನನ್ನು ತಂದ.

ಮ್ಯಾಂಡರಿನ್ ಎಂದು ಅದರ ಹೆಸರಂತೆ. ಹೆಬ್ಬೆರಳಿನಷ್ಟು ಉದ್ದ. ಬಣ್ಣವೋ, ನವಿಲುಗರಿ ನಾಚಬೇಕು! ನೀಲಿಯ ಮೇಲೆ ಕಿತ್ತಳೆ, ಕಿತ್ತಳೆಯ ಅಂಚಿಗೆ ಹಸಿರು. ಅತ್ತೆ ಮೊದಲ ಸಲ ಗಾಜಿನ ಹತ್ತಿರ ಬಂದು ಬಗ್ಗಿ ನೋಡಿದಳು. "ಅಯ್ಯ ನನ್ನ ಕೂಸ! ಇಳಕಲ್ ಸೀರಿ ಉಟ್ಟಂಗ ಐತಲ್ರಿ!" ಎಂದಳು. ಮಾಮಾ ಮೀಸೆಯಲ್ಲೇ ನಕ್ಕ. ಅವನಿಗೆ ಗೊತ್ತಿರಲಿಲ್ಲ, ಆ ಕ್ಷಣದಿಂದ ಅವನ ಕಷ್ಟ ಶುರುವಾಗಿದೆ ಎಂದು.

ಏಕೆಂದರೆ ಆ ಮೀನು ಏನು ಹಾಕಿದರೂ ತಿನ್ನಲಿಲ್ಲ. ಒಣ ಕಾಳು ಹಾಕಿದರೆ ಮುಖ ತಿರುಗಿಸಿತು. ಮಾಮಾ ಆಫೀಸಿಗೆ ಹೋದಾಗ ಅತ್ತೆ ಸಜ್ಜೆ ರೊಟ್ಟಿಯ ಚೂರು ಹಾಕಿ ನೋಡಿದಳಂತೆ. ಅದಕ್ಕೂ ಒಲ್ಲೆ. ಪುಣೆಯ ಅಂಗಡಿಯವನಿಗೆ ಫೋನು ಮಾಡಿದರೆ ಅವನು ಆರಾಮವಾಗಿ, "ಸಾಹೇಬರೇ, ಅದು ಜೀವಂತ ಸಣ್ಣ ಹುಳ ಬಿಟ್ಟರೆ ಬೇರೇನೂ ತಿನ್ನೋದಿಲ್ಲ. ನಿಮಗೆ ಗೊತ್ತಿರಲಿಲ್ಲವೇ?" ಎಂದ. ಇದನ್ನು ಮಾರುವ ಮೊದಲು ಹೇಳಬೇಕೋ ಮಾರಿದ ಮೇಲೋ, ನೀವೇ ಹೇಳಿ!

ಈಗ ಅತ್ತೆಯ ತವರಿನ ಪದ್ಧತಿಯೊಂದನ್ನು ಹೇಳಬೇಕು. ಅವಳ ತವರು ಮುಳವಾಡ. ಅಲ್ಲಿ ಅವರ ಮನೆಯಲ್ಲಿ ದನಕರುಗಳ ಮುಂದೆ ಮೇವು ಬೀಳದೆ ಹೆಂಗಸರು ತಾಟಿನ ಮುಂದೆ ಕೂಡುವುದಿಲ್ಲ. ಕೊಟ್ಟಿಗೆಯಲ್ಲಿ ಒಂದು ಕರು ಮೇವು ಬಿಟ್ಟರೂ ಮನೆಯ ಹಿರಿಸೊಸೆ ಆ ಹೊತ್ತು ಉಪವಾಸ. ಬಾಗೇವಾಡಿಯ ಮನೆಯಲ್ಲಿ ದನ ಇಲ್ಲ, ಆದ್ದರಿಂದ ಇಷ್ಟು ವರ್ಷ ಈ ಪದ್ಧತಿಯಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಈಗ ಮೀನು ಬಂತು!

"ಮನಿಯಾಗ ಒಂದು ಜೀವ ಹಸದ ಕುಂತೈತಿ. ನನ್ನ ಗಂಟಲಾಗ ರೊಟ್ಟಿ ಹ್ಯಾಂಗ ಇಳೀತೈತಿ?" ಎಂದು ಅತ್ತೆ ರಾತ್ರಿಯೂಟ ಬಿಟ್ಟಳು. ಮೀನು ತಿನ್ನುವುದನ್ನು ಕಣ್ಣಾರೆ ಕಂಡ ಮೇಲೆಯೇ ರಾತ್ರಿ ತಾಟು ಹಾಕಿಕೊಳ್ಳುವುದು ಎಂದು ಹಟ.

ಫೋನಿನಲ್ಲಿ ಇದನ್ನು ಕೇಳಿ ನಾನು ತಿದ್ದುತ್ತಿದ್ದ ಪೇಪರು ಬದಿಗೆ ಸರಿಸಿದೆ. ಅತ್ತೆಗೆ ಸಕ್ಕರೆ ಬೇನೆ. ಬೆಳಿಗ್ಗೆ ಒಂದು, ಸಂಜೆ ಒಂದು ಗುಳಿಗೆ ನುಂಗುವವಳು. ಗುಳಿಗೆ ನುಂಗಿ ಊಟ ಬಿಟ್ಟರೆ ಏನಾಗುತ್ತದೆಂದು ನಿಮಗೂ ಗೊತ್ತು, ನನಗೂ ಗೊತ್ತು. ಅವಳೊಬ್ಬಳಿಗೆ ಗೊತ್ತಿಲ್ಲ.

"ಮಾಮಾ, ಮೊದಲ ಆ ಮೀನು ತಿರುಗಿ ಕೊಟ್ಟು ಬಾ!" ಎಂದೆ.

"ನಾನೂ ಅದನ್ನ ಅಂದೆ ಯವ್ವಾ. 'ಮನಿಗಿ ಬಂದ ಜೀವಾನ ಹಸದ ಹೊಟ್ಟಿಲೆ ಹೊರಗ ಹಾಕ್ತೀರೇನ್ರಿ' ಅಂತ ನನ್ನ ಮ್ಯಾಲೇ ಬಂದ್ಲು. ಕೊಡಂಗೂ ಇಲ್ಲ, ಇಟ್ಕೊಳ್ಳಂಗೂ ಇಲ್ಲ."

ಹೀಗೆ ಒಂದು ಹೆಬ್ಬೆರಳುದ್ದದ ಮೀನಿನ ಬಾಯಿಗೂ ನಮ್ಮ ಅತ್ತೆಯ ಬಾಯಿಗೂ ಗಂಟು ಬಿತ್ತು. ಅದು ತೆರೆದರೆ ಇದು ತೆರೆಯಬೇಕು.

ಮಾಮಾ ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಉಪಾಯ ಹುಡುಕಿದ. ದೊಡ್ಡ ಪೆಟ್ಟಿಗೆಯ ಕೆಳಗೆ ಇನ್ನೊಂದು ಸಣ್ಣ ಗಾಜಿನ ಪೆಟ್ಟಿಗೆ. ಮೇಲಿನ ನೀರು ಪೈಪಿನಲ್ಲಿ ಕೆಳಗಿಳಿಯಬೇಕು, ಪಂಪಿನಿಂದ ಮತ್ತೆ ಮೇಲೇರಬೇಕು. ಕೆಳಗಿನ ಪೆಟ್ಟಿಗೆಯಲ್ಲಿ ಮೀನಿಲ್ಲ, ಬರೀ ಪಾಚಿ. ಪಾಚಿಯ ಸಂದಿಯಲ್ಲಿ ಕಣ್ಣಿಗೆ ಕಂಡೂ ಕಾಣದ ಹುಳ. ತಿನ್ನುವವರಿಲ್ಲದ ಕಡೆ ಹುಳ ಹೆಚ್ಚುತ್ತವೆ. ಹೆಚ್ಚಾದವು ನೀರಿನ ಜೊತೆ ಮೇಲೆ ಹೋಗಿ ಮೀನಿಗೆ ಆಹಾರವಾಗುತ್ತವೆ. ಇದಕ್ಕೆ ರೆಫ್ಯೂಜಿಯಂ, ಎಂದರೆ ಆಶ್ರಯದ ತಾಣ, ಎನ್ನುತ್ತಾರಂತೆ. ಮಾಮಾ ಅದಕ್ಕೆ 'ಪುನರ್ವಸತಿ ಕೇಂದ್ರ' ಎಂದು ಹೆಸರಿಟ್ಟ. ನಿಡಗುಂದಿಯ ಕಡೆ, ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟುಕೊಟ್ಟವರ ನಡುವೆ ನೌಕರಿ ಮಾಡಿದವನು ಅವನು. ಅವನ ಬಾಯಿಗೆ ಬೇರೆ ಹೆಸರು ಹೇಗೆ ಬರಬೇಕು?

ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು ಒಂದು ಪ್ರಶ್ನೆ ಹಾಕಿದಳು.

"ಪುನರ್ವಸತಿ ಅಂತೀರಿ. ಜಾಗಾ ಕೊಡ್ತೀರಿ, ಲೈಟ್ ಕೊಡ್ತೀರಿ. ಆಮ್ಯಾಲ ಮೀನಿಗಿ ತಿನ್ನಾಕ ಕೊಡ್ತೀರಿ?"

"ನಾ ಎಲ್ಲಿ ಕೊಡ್ತೇನಿ? ಅವು ನೀರಿನ ಜೋಡಿ ತಾವಾ ಹೋಗ್ತಾವು."

"ಹಂಗಾರ ಪಾಪ ಯಾರಿಗಿ?"

ಮಾಮಾ ತುಸು ಯೋಚಿಸಿದ. "ಪಂಪಿಗಿ."

ಅತ್ತೆ ಒಪ್ಪಿದಳು! ಪಂಪಿಗೆ ಪಾಪ ಹತ್ತುತ್ತದೆ ಎಂಬ ಧರ್ಮಸೂಕ್ಷ್ಮ ಈ ಭೂಮಿಯ ಮೇಲೆ ಬೇರೆ ಯಾವ ದಂಪತಿಗಾದರೂ ಹೊಳೆದೀತೇ?

ಪುಣೆಯಿಂದ ಪಾಚಿಯೂ ಹುಳದ ಬಾಟಲಿಯೂ ಬಂದವು. ಪಾಚಿ ಎಂದರೆ ಪಾತ್ರೆ ತಿಕ್ಕುವ ಹಸಿರು ನಾರಿನ ಉಂಡೆಯೇ. ಅದನ್ನು ಪಾತ್ರೆ ತೊಳೆಯುವ ಬಚ್ಚಲಿನ ಹತ್ತಿರ ಇಟ್ಟ ಮಾಮಾನ ಬುದ್ಧಿಗೆ ಏನನ್ನಬೇಕು? ಅತ್ತೆ ಅದರಿಂದ ಚಹಾದ ಪಾತ್ರೆ ತಿಕ್ಕಲು ಕೈ ಹಾಕಿದ್ದಳು. "ಕೈ ತಗೀ! ಅದರಾಗ ಸಂಸಾರ ಅದಾವು!" ಎಂದು ಮಾಮಾ ಕಿರುಚಿದ ಸದ್ದಿಗೆ ಪಕ್ಕದ ಕಾಕು ಓಡಿ ಬಂದಳಂತೆ.

ಇಲ್ಲಿಂದ ಮುಂದೆ ಉಳಿದದ್ದು ಒಂದೇ, ದೀಪ. ಬೆಳಕಿಲ್ಲದೆ ಪಾಚಿ ಬೆಳೆಯದು, ಪಾಚಿಯಿಲ್ಲದೆ ಹುಳ ಉಳಿಯದು, ಹುಳವಿಲ್ಲದೆ ಮೀನು ತಿನ್ನದು, ಮೀನು ತಿನ್ನದೆ ಅತ್ತೆ ಉಣ್ಣಳು. ಊರಿಗೆಲ್ಲ ಬೆಳಕು ಕೊಡುವ ಮನುಷ್ಯ! ಕಂಬ ಹತ್ತಿ, ಬಿರುಗಾಳಿಯಲ್ಲಿ ತಂತಿ ಬಿಗಿದು, ಇಡೀ ತಾಲ್ಲೂಕಿನ ಬೈಗುಳ ಉಂಡು ಜೀರ್ಣಿಸಿಕೊಂಡವನು! ಒಂದು ಕೊಡದಷ್ಟು ನೀರಿಗೆ ಬಲ್ಬು ಹುಡುಕಲು ಅವನಿಗೆ ತಿಳಿಯಲಿಲ್ಲವೆಂದರೆ ನಂಬುತ್ತೀರಾ?

ಮೊದಲು ಮನೆಯಲ್ಲಿದ್ದ ಅಡುಗೆಮನೆಯ ಬಿಳಿ ಬಲ್ಬನ್ನೇ ಬಿಚ್ಚಿ ಹಚ್ಚಿದ. ಪಾಚಿ ಬೆಳೆಯಲಿಲ್ಲ. ಗಾಜಿನ ತುಂಬ ಕಂದು ಲೋಳೆ ಬೆಳೆಯಿತು. ಅತ್ತೆ ಕತ್ತಲಲ್ಲಿ ಒಗ್ಗರಣೆ ಹಾಕುತ್ತ, "ಅಡಗಿಮನಿ ಬಲ್ಬಿಗಿ ಅಡಗಿ ರೂಢಿ ಐತ್ರಿ, ಅದಕ್ಕ ಸಾರು ಮಾಡೇತಿ" ಎಂದಳು.

ಹೊತ್ತಿನ ಲೆಕ್ಕವೂ ಉಲ್ಟಾ. ಮೇಲಿನ ಪೆಟ್ಟಿಗೆಗೆ ಹಗಲು ಬೆಳಕು, ಕೆಳಗಿನದಕ್ಕೆ ಸಂಜೆಯಿಂದ ಬೆಳಗಿನತನಕ. ಹಾಗೆ ಮಾಡಿದರೆ ನೀರು ಹದವಾಗಿ ಉಳಿಯುತ್ತದಂತೆ. ಅತ್ತೆಗೆ ಇದು ಸರಿಬರಲಿಲ್ಲ. "ನಮ್ಮಪ್ಪನ ಕಬ್ಬಿಗೂ ನೀವು ರಾತ್ರಿ ಪಾಳಿ ಕರೆಂಟ್ ಕೊಟ್ರಿ, ಈಗ ಪಾಚಿಗೂ ರಾತ್ರಿ ಪಾಳಿನೇನ್ರಿ? ನಿಮ್ಮ ಆಫೀಸಿನವರಿಗಿ ಹಗಲೊತ್ತು ಕೈ ಬರಂಗಿಲ್ಲೇನು?" ಎಂದಳು. ಮಾಮಾ ಬಲ್ಬಿನ ಧೂಳು ಒರೆಸತೊಡಗಿದ. ಈ ಪ್ರಶ್ನೆಗೆ ಅವನ ಇಲಾಖೆಯೂ ಇನ್ನೂ ಉತ್ತರ ಹುಡುಕುತ್ತಿದೆ.

ಒಂದು ಸಂಜೆ ಕರೆಂಟು ಹೋಯಿತು. ಪಂಪು ನಿಂತಿತು, ದೀಪ ಆರಿತು. ಮಾಮಾ ತಲೆ ಕೆಟ್ಟವನಂತೆ ದೂರು ಕೊಡುವ ನಂಬರಿಗೆ ಫೋನು ಹಚ್ಚಿದ. ಅವನ ಇನ್ನೊಂದು ಕಿಸೆಯಲ್ಲಿ ಆಫೀಸಿನ ಫೋನು ಗಣಗಣಿಸಿತು! ಆ ದಿನ ದೂರು ತೆಗೆದುಕೊಳ್ಳುವ ಪಾಳಿ ಅವನದೇ. ಹುಡುಗಾಟವಲ್ಲ, ಅತ್ತೆ ಆಣೆ ಹಾಕಿ ಹೇಳುತ್ತಾಳೆ: ಅವನು ಎರಡನೆಯ ಫೋನನ್ನು ಎತ್ತಿ "ಹಲೋ, ಯಾರು?" ಎಂದನಂತೆ.

ಎರಡನೆಯದು ಆನ್‌ಲೈನಿನಲ್ಲಿ ತರಿಸಿದ ದೀಪ. ಕೆಂಪು ನೀಲಿ ಎರಡೂ ಕೂಡಿದ್ದು. ಗಿಡಗಳಿಗೆ ಅದೇ ಒಳ್ಳೆಯದೆಂದು ವಿಡಿಯೊದವನು ಹೇಳಿದ್ದ. ಸಂಜೆ ಹಚ್ಚಿದಾಗ ಮನೆ ಮನೆಯಾಗಿ ಉಳಿಯಲಿಲ್ಲ. ಕಿಟಕಿ, ಬಾಗಿಲು, ಅಂಗಳ, ಎದುರಿನ ಮನೆಯ ಗೋಡೆ ಎಲ್ಲ ಗುಲಾಬಿ! ಅವತ್ತು ಓಣಿಯಲ್ಲಿ ಭಜನೆ ಬೇರೆ ಇತ್ತು. ತಾಳ ಹಿಡಿದ ಹಿರಿಯರೊಬ್ಬರು ಅರ್ಧಕ್ಕೇ ಹಾಡು ಬಿಟ್ಟು ಎದ್ದು ಬಂದರು.

"ಏನಪಾ, ಓಣ್ಯಾಗ ಮರ್ಯಾದಸ್ತರು ಇರ್ತೀವಿ. ಇದೇನ ನಡಸೀದಿ ಒಳಗ?"

"ಏನಿಲ್ರಿ ಕಾಕಾ. ಪಾಚಿಗಿ ಲೈಟ್ ಹಚ್ಚೇನ್ರಿ."

"ಪಾಚಿಗಿ?"

"ಹೌದ್ರಿ. ಅದಕ್ಕ ಈ ಬಣ್ಣ ಸೇರ್ತೈತ್ರಿ."

ಹಿರಿಯರು ಬಾಗಿಲಲ್ಲೇ ವಿಭೂತಿ ತೆಗೆದು ಹಣೆಗೆ ಇನ್ನೊಮ್ಮೆ ಹಚ್ಚಿಕೊಂಡರು. ಮರುದಿನದ ಹೊತ್ತಿಗೆ ಓಣಿಯಲ್ಲಿ ಎರಡು ಪಕ್ಷಗಳಾದವು. ಒಳಗೆ ಮಾಟ ನಡೆದಿದೆ ಎಂದು ಒಂದು, ಒಳಗೆ ಸಿನಿಮಾ ತೆಗೆಯುತ್ತಿದ್ದಾರೆ ಎಂದು ಇನ್ನೊಂದು. ಪಕ್ಕದ ಕಾಕು ಮಾತ್ರ ಇದು ಉಪ್ಪಿನಕಾಯಿಗೆ ಸಂಬಂಧಿಸಿದ್ದೇ ಎಂದು ಕೊನೆಯತನಕ ವಾದಿಸಿದಳು. ಮಾಮಾ ಕಂಬಳಿ ಹೊದಿಸಿ ನೋಡಿದ. ದೀಪ ಕಾದು ಕಂಬಳಿ ಸುಟ್ಟ ವಾಸನೆ ಬಂತು. ಗುಲಾಬಿ ದೀಪ ಅಟ್ಟ ಸೇರಿತು.

ನಾನು ದಿನವೂ ಶಾಲೆ ಬಿಟ್ಟ ಮೇಲೆ ಫೋನು ಮಾಡುತ್ತಿದ್ದೆ. "ಹುಳ ಹೆಚ್ಚಾದವೇನು?" ಎಂದು ಕೇಳುವ ಸ್ಥಿತಿಗೆ ಬಂದಿದ್ದೆ! ಸ್ಟಾಫ್ ರೂಮಿನಲ್ಲಿ ಉಳಿದ ಶಿಕ್ಷಕರು ನನ್ನಿಂದ ಒಂದು ಕುರ್ಚಿ ದೂರ ಕೂಡತೊಡಗಿದರು. "ನಿನ್ನಿ ರಾತ್ರಿ ಅತ್ತಿ ಉಂಡ್ಳೇನು?" ಎಂದರೆ ಮಾಮಾ, "ಇಲ್ಲ" ಎನ್ನುತ್ತಿದ್ದ. "ನೀ?" ಎಂದರೆ, "ನಾ ಖಾನಾವಳ್ಯಾಗ ಉಂಡು ಬರ್ತೇನಿ ಯವ್ವಾ. ಆಕಿ ಮುಂದ ಕುಂತು ಹ್ಯಾಂಗ ಉಣ್ಣೂದು?" ಎನ್ನುತ್ತಿದ್ದ. ನನಗೆ ಮೈಯೆಲ್ಲ ಉರಿಯಿತು. ಹೆಂಡತಿ ಹಸಿದು ಕೂತಿರಬೇಕು, ಗಂಡ ಖಾನಾವಳಿಯಲ್ಲಿ ರೊಟ್ಟಿ ಹೊಡೆಯಬೇಕು! ಗಂಡಸರ ಜಾತಿಯೇ ಇಷ್ಟು ಎಂದು ಅಂದು ನನ್ನ ಗಂಡನಿಗೂ ವಿನಾಕಾರಣ ಬೈದೆ.

ಮೂರನೆಯ ದೀಪಕ್ಕಾಗಿ ಮಾಮಾ ಭೀಮಾ ನದಿಯ ಕಡೆಗೆ, ಅಗರಖೇಡದತನಕ ಹೋದ. ಅಲ್ಲೊಬ್ಬರು ಹೊಲದಲ್ಲಿ ಡ್ರ್ಯಾಗನ್ ಹಣ್ಣು ಬೆಳೆದು, ಬೇಗ ಹೂ ಬಿಡಲೆಂದು ಸಾಲುಸಾಲಾಗಿ ಬಲ್ಬು ಹಚ್ಚುತ್ತಾರೆಂದು ಯಾರೋ ಹೇಳಿದ್ದರು. ಮೈಯೆಲ್ಲ ಮುಳ್ಳಿರುವ ಗಿಡಕ್ಕೆ ಆಗುವ ಬೆಳಕು ಪಾಚಿಗೆ ಏಕಾಗಬಾರದು ಎಂಬುದು ಅವನ ತರ್ಕ. ಹೊಲದವರು ಮಾಮಾನ ಕೊರಳಿನ ಗುರುತಿನ ಚೀಟಿ ನೋಡಿ, ಕಳ್ಳ ಕರೆಂಟು ಹಿಡಿಯಲು ಬಂದಿದ್ದಾನೆಂದು ತಿಳಿದು, ಅವನು ಬಾಯಿ ಬಿಡುವ ಮೊದಲೇ ಬಲ್ಬುಗಳನ್ನೆಲ್ಲ ಬಿಚ್ಚತೊಡಗಿದರಂತೆ. "ಬಿಚ್ಚಬ್ಯಾಡ್ರಿ, ನನಗೊಂದು ಕೊಡ್ರಿ" ಎಂದು ಇವನು ಕೈ ಮುಗಿದನಂತೆ. ಕರೆಂಟಿನ ಸಾಹೇಬ ಕೈ ಮುಗಿದದ್ದನ್ನು ಕಂಡು ಅವರಿಗೆ ಮತ್ತೂ ಭಯವಾಗಿರಬೇಕು. ಒಂದು ಬಲ್ಬು ಕೇಳಿದರೆ ಒಂದು ಚೀಲ ಕೊಟ್ಟು ಕಳಿಸಿದರು!

ಹಳದಿಗೆ ತುಸು ಕೆಂಪು ಬೆರೆತ ಹದವಾದ ಬೆಳಕು. ಓಣಿಯವರಿಗೂ ಆಕ್ಷೇಪಣೆ ಇಲ್ಲ. ಆದರೆ ಎಷ್ಟು ಎತ್ತರದಲ್ಲಿ ತೂಗುಹಾಕಬೇಕು? ದೂರವಾದರೆ ಪಾಚಿ ಸೊರಗುತ್ತದೆ, ಹತ್ತಿರವಾದರೆ ಬಾಡುತ್ತದೆ. ಮಾಮಾ ಜಂತೆಯಲ್ಲಿದ್ದ ತೊಟ್ಟಿಲಿನ ಕೊಂಡಿಗೆ ಹಗ್ಗ ಕಟ್ಟಿ ಬಲ್ಬು ಇಳಿಬಿಟ್ಟ. ಮುಂಜಾನೆ ನಾಲ್ಕು ಬೆರಳು ಏರಿಸುವುದು, ಸಂಜೆ ಎರಡು ಬೆರಳು ಇಳಿಸುವುದು. ನೆಲದ ಮೇಲೆ ಬೋರಲು ಮಲಗಿ ಪಾಚಿಯನ್ನು ನೋಡುತ್ತ ಹಗ್ಗ ಜಗ್ಗುತ್ತಿದ್ದವನನ್ನು ಕಂಡ ದಿನ, ನಿಜ ಹೇಳುತ್ತೇನೆ, ನನ್ನ ಕೈಯಲ್ಲಿದ್ದ ಚೀಲ ಜಾರಿ ಬಿತ್ತು.

ಆ ದಿನವೇ ಅದೂ ಆಯಿತು. ನಾನು ಶನಿವಾರ ಶಾಲೆ ಮುಗಿಸಿ ಸಿಂದಗಿಯಿಂದ ಬಂದಿದ್ದೆ. ಹೊತ್ತು ಮುಳುಗಿತ್ತು. ಅತ್ತೆ ನನಗೆಂದು ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ಫಕ್ಕನೆ ನಿಂತಿತು. ಹೋಗಿ ನೋಡಿದರೆ ಗೋಡೆಗೆ ಒರಗಿ ಕೂತಿದ್ದಾಳೆ, ಮುಖದ ತುಂಬ ಬೆವರು, ಕೈ ನಡುಗುತ್ತಿದೆ. ಮಾಮಾ ಹಗ್ಗ ಬಿಟ್ಟು ಎದ್ದು ಬಂದವನು ಬೆಲ್ಲದ ಡಬ್ಬಿಯನ್ನೇ ನೆಲಕ್ಕೆ ಕೆಡವಿ, ಬೆಲ್ಲದ ಚೂರನ್ನು ಅವಳ ಬಾಯಿಗಿಟ್ಟ. ಇಷ್ಟು ದಿನ ನಕ್ಕಿದ್ದೆ. ಆಗ ನಗು ಎಲ್ಲಿ ಬರಬೇಕು? ಡಾಕ್ಟರಿಗೆ ಫೋನು ಹಚ್ಚಿದೆ.

ಡಾಕ್ಟರು ಬಂದು ನೋಡಿ ಬೈದರು. "ಗುಳಿಗಿ ತಗೊಂಡು ಊಟ ಬಿಡ್ತೀರೇನ್ರಿ? ಇದು ಭಕ್ತಿ ಅಲ್ಲ, ಹುಡುಗಾಟ." ಅತ್ತೆ ಎಲ್ಲದಕ್ಕೂ "ಹೌದ್ರಿ, ಹೌದ್ರಿ" ಎಂದಳು. ಅವರು ಹೋದ ಮೇಲೆ, "ಮೀನು ತಿನ್ನಲಿ, ಉಣ್ತೇನಿ" ಎಂದಳು.

ನಾನು ಕೂಗಿಯೇ ಬಿಟ್ಟೆ. "ಅತ್ತಿ, ಆ ಮೀನಿಗಿ ನೀ ಉಣ್ಣೂದು ಬಿಡೂದು ಏನ ಗೊತ್ತಾಗ್ತೈತಿ?"

"ತವರಮನಿ ಕರುವಿಗೂ ಗೊತ್ತಾಗ್ತಿದ್ದಿಲ್ಲ ಯವ್ವಾ" ಎಂದಳು ತಣ್ಣಗೆ. "ನನಗ ಗೊತ್ತಾಗ್ತೈತಿ."

ಮರುದಿನ ಭಾನುವಾರ. ಮಾಮಾ ಇಡೀ ದಿನ ಪೆಟ್ಟಿಗೆಯ ಮುಂದಿನಿಂದ ಏಳಲಿಲ್ಲ. ಪಾಚಿ ನಿಜಕ್ಕೂ ಹಬ್ಬಿತ್ತು, ಕೊತ್ತಂಬರಿ ಕಟ್ಟಿನಷ್ಟು ದಟ್ಟ ಹಸಿರು. ಟಾರ್ಚು ಹಾಕಿ ನೋಡಿದರೆ ಗಾಜಿನ ಮೇಲೆ ರವೆಯಂಥ ಬಿಳಿ ಚುಕ್ಕೆಗಳು ಪುಟುಪುಟು ಓಡಾಡುತ್ತಿದ್ದವು. ಹುಳ ಹೆಚ್ಚಿದ್ದವು! ಮೇಲಿನ ಪೆಟ್ಟಿಗೆಯಲ್ಲಿ ಮೀನು ಮಾತ್ರ ಒಂದು ಕಲ್ಲಿನ ಮರೆಯಲ್ಲಿ ಸುಮ್ಮನೆ ಕೂತಿತ್ತು. ಹೊಟ್ಟೆ ಒಳಗೆ ಸೇರಿ ಇಳಕಲ್ ಸೀರೆಯ ನಿರಿಗೆ ಸಡಿಲವಾದಂತೆ ಕಾಣುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ಮೂವರೂ ಅದರ ಮುಂದೆ ಕೂತೆವು. ಮಾಮಾ ಇದ್ದಕ್ಕಿದ್ದಂತೆ ಎದ್ದು ನಿಂತು ಚಪ್ಪಾಳೆ ಹೊಡೆದ.

"ತಿಂತು! ಈಗ ತಿಂತು! ನಾ ನೋಡಿದೆ, ಖರೇನ ತಿಂತು! ಏಳು, ತಾಟು ಹಚ್ಚಕೋ!"

ಅತ್ತೆ ಮೀನಿನ ಕಡೆ ನೋಡಲೇ ಇಲ್ಲ. ಮಾಮಾನ ಮುಖವನ್ನೇ ನೋಡಿದಳು.

"ಮೊನ್ನಿ ರಾತ್ರಿ ಖಾನಾವಳ್ಯಾಗ ಏನ್ ಪಲ್ಯಾ ಇತ್ತ್ರಿ?"

ಮಾಮಾ ತಡವರಿಸಿದ. "ಯಾಕ? ಬದನಿಕಾಯಿ."

"ಅದರ ಹಿಂದಿನ ರಾತ್ರಿ?"

"ಅವತ್ತ... ಹೆಸರಕಾಳ."

"ಖಾನಾವಳಿಯಾಕಿ ಇವತ್ತ ಮುಂಜಾನೆ ಮನಿಗಿ ಬಂದಿದ್ಲು. ಮಗಳ ಮದುವಿ ಮುಗಿಸಿಕೊಂಡು ಬಂದೇನಿ ಅಂತ ಲಾಡು ಕೊಟ್ಟು ಹೋದ್ಲು. ಖಾನಾವಳಿ ಬಾಗಲಾ ಹಾಕಿ ಭಾಳ ದಿನಾ ಆತಂತ್ರಿ."

ಮಾಮಾ ನಿಂತಲ್ಲೇ ನಿಂತ. ಚಪ್ಪಾಳೆ ಹೊಡೆದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡ. ಅವನ ಅಂಗಿ ಭುಜದಿಂದ ಜಾರುತ್ತಿದ್ದುದನ್ನು ನಾನು ಆಗ ನೋಡಿದೆ. ಇಷ್ಟು ದಿನ ನಾನು ಬೈದದ್ದು ಈ ಮನುಷ್ಯನಿಗೋ!

"ಹಸದ ಜೀವ ಅಂತ ನಾ ಆ ಪೆಟ್ಟಿಗ್ಯಾಗ ನೋಡಕೋತ ಕುಂತೆ" ಎಂದಳು ಅತ್ತೆ. "ಇದೊಂದು ಹಸದ ಜೀವ ಮನಿತುಂಬ ಓಡ್ಯಾಡಕೋತ ಹಗ್ಗಾ ಜಗ್ಗತಿತ್ತು. ಅದು ನನಗ ಕಾಣಲಿಲ್ಲ. ಕುಂದರ್ರಿ. ಉಣ್ಣೂನು."

"ಮೀನು?" ಎಂದ ಮಾಮಾ, ಸಣ್ಣ ದನಿಯಲ್ಲಿ.

"ಅದರ ಪಾಪ ನನಗಿರಲಿ. ಪಂಪಿಗೂ ಬ್ಯಾಡ, ನಿಮಗೂ ಬ್ಯಾಡ. ಕುಂದರ್ರಿ."

ಎರಡು ತಾಟು ಬಂದವು. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೇಲೆ ಗಟ್ಟಿ ಮೊಸರು. ಇಬ್ಬರೂ ಪೆಟ್ಟಿಗೆಗೆ ಬೆನ್ನು ಮಾಡಿ ಪಕ್ಕಪಕ್ಕದಲ್ಲಿ ಕೂತರು. ಅತ್ತೆ ರೊಟ್ಟಿ ಮುರಿದು ಮೊದಲ ತುತ್ತನ್ನು ಅವನು ಬಾಯಿಗಿಡುವತನಕ ಕಾದಳು. ಅವನು ಅವಳು ಬಾಯಿಗಿಡಲೆಂದು ಕಾದ. ಆಮೇಲೆ ಇಬ್ಬರೂ ಒಟ್ಟಿಗೆ ತಿಂದರು.

ಅವರು ಎರಡನೆಯ ರೊಟ್ಟಿಗೆ ಕೈ ಹಾಕಿದಾಗ ಕಲ್ಲಿನ ಮರೆಯಿಂದ ಮೀನು ಹೊರಗೆ ಬಂತು. ಮರಳಿನ ಮೇಲೆ ಮೆಲ್ಲಗೆ ತೇಲಿ ಗಾಜಿನ ಹತ್ತಿರ ನಿಂತು, ಬಾಯಿ ಮುಂದೆ ಮಾಡಿ, ಒಂದು ಬಿಳಿ ಚುಕ್ಕೆಯನ್ನು ಕುಟುಕಿತು. ತುಸು ನಿಂತು ಮತ್ತೊಂದು. ಮತ್ತೆ ಇನ್ನೊಂದು. ನಾನು ಕೂಗಬೇಕೆಂದು ಬಾಯಿ ತೆರೆದೆ. ಕೂಗಿದರೆ ಇಬ್ಬರೂ ತಾಟು ಬಿಟ್ಟು ಎದ್ದು ಓಡಿ ಬರುತ್ತಾರೆ. ಎಷ್ಟೋ ದಿನಗಳ ಮೇಲೆ ರಾತ್ರಿ ಉಣ್ಣಲು ಕೂತವರನ್ನು ನಡುವೆ ಎಬ್ಬಿಸುವುದೇ? ನಾನು ಬಾಯಿ ಮುಚ್ಚಿಕೊಂಡು ಇಬ್ಬರ ತಾಟಿಗೂ ಇನ್ನೊಂದು ರೊಟ್ಟಿ ಹಾಕಿದೆ.